ಮುಚ್ಚಿಡಲು ದುಡ್ಡಿಲ್ಲದ ಕಡೆ ಮೈ ಕಾಣುತ್ತದೆ

ಪ್ರಶ್ನೆ: ಮಾಸ್ಟ್ರೇ, ನನಗೀಗ 47. ಹೊಸನಗರದ ಕಡೆ ಎರಡು ಎಕರೆ ಅಡಿಕೆ ತೋಟ ಇದೆ. ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ಟಿವಿ, ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಕ್ಯಾಸೆಟ್ ಹಾಕುತ್ತಿದ್ದರು. ಹಾಗೆ ಒಂದು ರಾತ್ರಿ ವ್ಯಾನ್ ಡ್ಯಾಮ್‌ನ ‘ಕಿಕ್‌ಬಾಕ್ಸರ್’ ನೋಡಿ, ಬೆಳಿಗ್ಗೆ ಎದ್ದು ಅಡಿಕೆ ಮರಕ್ಕೆ ಒದ್ದು ಕಾಲು ಊದಿಸಿಕೊಂಡಿದ್ದೆ. ಮೊನ್ನೆ ಮಳೆಗೆ ಕರೆಂಟು ಹೋದ ರಾತ್ರಿ, ಮೊದಲೇ ಇಳಿಸಿಟ್ಟಿದ್ದ ‘ಕಿಕ್‌ಬಾಕ್ಸರ್: ರಿಟ್ಯಾಲಿಯೇಷನ್’ ಅನ್ನು ಫೋನಿನಲ್ಲಿ ನೋಡಿದೆ. ವ್ಯಾನ್ ಡ್ಯಾಮ್ ಈಗ ವಯಸ್ಸಾದ ಕುರುಡ ಗುರು. ಕಣ್ಣು ಕೀಳಲಾಗಲಿಲ್ಲ. ಪಿಯುಸಿ ಓದುವ ಮಗ ನಕ್ಕ. ‘ಅಪ್ಪಾ, ಇದು ಡಬ್ಬಾ ಪಿಕ್ಚರ್. ದುಡ್ಡಿಲ್ಲದೆ ತೆಗೆದಿದ್ದಾರೆ, ಮುದುಕನ ಬದಲು ಡೂಪ್ ಹೊಡೀತಿದಾನೆ’ ಅಂದ. ನನ್ನ ಖುಷಿ ಬರೀ ಹಳೇ ನೆನಪಿನದೋ, ಚಿತ್ರದಲ್ಲೇ ಏನಾದರೂ ಇದೆಯೋ? ಇಂಥವನ್ನು ಇಷ್ಟಪಡುವುದು ಕೆಟ್ಟ ಅಭಿರುಚಿಯೇ?

ಉತ್ತರ: ಮೊದಲು ನಿಮ್ಮ ಮಗನ ಮಾತು. ಡೂಪ್ ಇರುತ್ತಾನೆ. ಐವತ್ತೈದು ದಾಟಿದ ನಟನನ್ನು ಎತ್ತಿ ಗೋಡೆಗೆ ಬಡಿಯುವ ಶಾಟ್‌ಗೆ ಯಾವ ಫೈಟ್ ಮಾಸ್ಟರೂ ಆ ನಟನನ್ನೇ ನಿಲ್ಲಿಸುವುದಿಲ್ಲ, ನಿಲ್ಲಿಸಲೂ ಬಾರದು. ನಾನು ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿ ಸಿನಿಮಾ ಫೈಟರ್ ಆಗಿದ್ದೆ. ನಾಯಕರ ಅಂಗಿ ತೊಟ್ಟು ಮಹಡಿಯಿಂದ ಬಿದ್ದಿದ್ದೇನೆ, ಅದೇ ನಾಯಕರ ಕೈಯಲ್ಲಿ ಏಟು ತಿಂದಂತೆ ಹಾರಿ ಟೇಬಲ್ಲು ಮುರಿದಿದ್ದೇನೆ. ಈಗ ಶಿವಮೊಗ್ಗದಲ್ಲಿ ಮಕ್ಕಳಿಗೆ ಕರಾಟೆ ಹೇಳಿಕೊಡುತ್ತೇನೆ. ಹಾಗಾಗಿ ಈ ಪ್ರಶ್ನೆಯನ್ನು ಬೀಳುವವನ ಕಡೆಯಿಂದ ನೋಡಿ ಉತ್ತರಿಸುತ್ತೇನೆ. ಡೂಪ್ ಇದ್ದ ಮಾತ್ರಕ್ಕೆ ನೀವು ಕಂಡದ್ದು ಸುಳ್ಳಾಗುವುದಿಲ್ಲ. ನಿಮ್ಮ ಕಣ್ಣು ಏನನ್ನು ಹಿಡಿದುಕೊಂಡಿತು ಎಂಬುದನ್ನು ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

1989ರ ಚಿತ್ರದಲ್ಲಿ ವ್ಯಾನ್ ಡ್ಯಾಮ್ ಶಿಷ್ಯ. ಅಣ್ಣನ ಬೆನ್ನು ಮುರಿದ ಟಾಂಗ್ ಪೋನನ್ನು ಸೋಲಿಸಬೇಕು, ಅದಕ್ಕಾಗಿ ಊರಾಚೆಯ ಒಬ್ಬ ಮುದಿ ಗುರುವಿನ ಹತ್ತಿರ ಹೋಗುತ್ತಾನೆ. ಆ ಗುರು ಹಗ್ಗ ರಾಟೆ ಕಟ್ಟಿ ಅವನ ಕಾಲು ಅಗಲಿಸುವುದು, ಮರಕ್ಕೆ ಒದೆಸುವುದು ನಿಮಗೆ ನೆನಪಿರಲೇಬೇಕು. ಅದೂ ಸಣ್ಣ ಬಂಡವಾಳದ ಚಿತ್ರವೇ. ಹೊಡೆದಾಟಗಳ ಸಂಯೋಜನೆಯೂ ವ್ಯಾನ್ ಡ್ಯಾಮ್‌ನದೇ. 2016ರಲ್ಲಿ ಆ ಕತೆಯನ್ನು ಹೊಸದಾಗಿ ತೆಗೆದಾಗ ಶಿಷ್ಯನ ಪಾತ್ರ ಅಲೆನ್ ಮೂಸಿಗೆ ಹೋಯಿತು, ವ್ಯಾನ್ ಡ್ಯಾಮ್ ಗುರು ಡ್ಯುರಾಂಡ್ ಆದ. ನೀವು ನೋಡಿದ್ದು ಅದರ ಮುಂದಿನ ಭಾಗ, 2018ರದ್ದು, ನಿರ್ದೇಶಕ ಡಿಮಿಟ್ರಿ ಲೋಗೊಥೆಟಿಸ್.

ಮಲೆನಾಡಿನವರಿಗೆ ಈ ಸ್ಥಾನಪಲ್ಲಟ ಹೊಸದಲ್ಲ. ಯಕ್ಷಗಾನದಲ್ಲಿ ಬಾಲಗೋಪಾಲನಾಗಿ ರಂಗಕ್ಕೆ ಬಂದ ಹುಡುಗ ಮುಂದೆ ಹರೆಯದ ವೀರರ ಪುಂಡುವೇಷ ಕಟ್ಟಿ ಅಭಿಮನ್ಯುವಾಗಿ ಸುತ್ತು ಹೊಡೆಯುತ್ತಾನೆ. ಮೊಣಕಾಲು ಮಾತು ಕೇಳದಾದಾಗ ಅದೇ ಚಕ್ರವ್ಯೂಹದಲ್ಲಿ ದ್ರೋಣನಾಗಿ ನಿಲ್ಲುತ್ತಾನೆ. ಅವನ ಅಭಿಮನ್ಯುವನ್ನು ನೋಡಿದವರಿಗೆ ಅವನ ದ್ರೋಣ ಬೇರೆಯೇ ಆಗಿ ಕಾಣುತ್ತದೆ. ಹುಡುಗನ ಪ್ರತಿ ಹೆಜ್ಜೆಯೂ ಈ ಮುದುಕನಿಗೆ ಗೊತ್ತು, ಒಂದು ಕಾಲದಲ್ಲಿ ಇವನೇ ಹಾಕಿದ ಹೆಜ್ಜೆ. ನಿಮ್ಮ ಹಳೆಯ ನೆನಪು ಕೆಲಸ ಮಾಡಿದ್ದು ಇಲ್ಲಿ. ಅದಕ್ಕೆ ನಾಚಿಕೊಳ್ಳಬೇಡಿ. ಆಟ ನೋಡುವವನು ಹಿಂದಿನ ಆಟಗಳನ್ನು ತಲೆಯಲ್ಲಿಟ್ಟುಕೊಂಡೇ ಬರುತ್ತಾನೆ.

ಆದರೆ ನೆನಪೊಂದೇ ಆಗಿದ್ದರೆ ಹತ್ತು ನಿಮಿಷದಲ್ಲಿ ಸಾಕಾಗುತ್ತಿತ್ತು. ನೀವು ಕೊನೆವರೆಗೂ ನೋಡಿದ್ದೀರಿ.

ವ್ಯಾನ್ ಡ್ಯಾಮ್ ಚಿಕ್ಕಂದಿನಲ್ಲಿ ಬ್ರಸೆಲ್ಸ್‌ನಲ್ಲಿ ಶೋಟೊಕಾನ್ ಕರಾಟೆ ಕಲಿತ, ಐದು ವರ್ಷ ಬ್ಯಾಲೆ ನೃತ್ಯ ಕಲಿತ. ಅವನ ಒದೆ ಆ ಕಾಲದ ಬೇರೆ ಆಕ್ಷನ್ ನಟರ ಒದೆಗಿಂತ ಯಾಕೆ ಚೆಂದ ಎಂಬುದಕ್ಕೆ ಕಾರಣ ಬ್ಯಾಲೆ. ಕಾಲು ಮೇಲೆ ಹೋದಾಗ ಸೊಂಟ ಪೂರ್ತಿ ತೆರೆದುಕೊಳ್ಳುತ್ತದೆ, ಬೆರಳ ತುದಿಯ ತನಕ ಗೆರೆ ಎಳೆದಂತೆ ನೇರ ಇರುತ್ತದೆ, ಆ ಎತ್ತರದಲ್ಲಿ ಕಾಲು ಅರೆಕ್ಷಣ ನಿಲ್ಲುತ್ತದೆ. ಹೊಡೆದಾಟದಲ್ಲಿ ಆ ನಿಲುಗಡೆಯಿಂದ ಏನೂ ಉಪಯೋಗವಿಲ್ಲ. ಕ್ಯಾಮೆರಾಕ್ಕೆ ಅದೇ ಬೇಕು. 2013ರಲ್ಲಿ, 53ನೇ ವಯಸ್ಸಿನಲ್ಲಿ, ಹಿಂದಕ್ಕೆ ಚಲಿಸುತ್ತಿದ್ದ ಎರಡು ವೋಲ್ವೊ ಟ್ರಕ್‌ಗಳ ನಡುವೆ ಕಾಲು ಅಗಲಿಸಿ ನಿಂತ ಜಾಹೀರಾತನ್ನು ನಿಮ್ಮ ಮಗನೂ ನೋಡಿರುತ್ತಾನೆ. ಅಲ್ಲಿ ಅವನು ಒಂದು ಏಟೂ ಹೊಡೆಯುವುದಿಲ್ಲ. ಕೈಕಟ್ಟಿ, ಸುಮ್ಮನೆ ಇರುತ್ತಾನೆ. ಸುಮ್ಮನಿರುವುದೇ ಕಸುಬು.

ವಯಸ್ಸಾದ ಹಾಗೆ ಹೊಡೆದಾಡುವ ಮೈ ಮೊದಲು ಕಳೆದುಕೊಳ್ಳುವುದು ಜಿಗಿತ. ಆಮೇಲೆ ಸುಧಾರಿಸಿಕೊಳ್ಳುವ ವೇಗ: ಇವತ್ತು ಇಪ್ಪತ್ತು ಟೇಕ್ ಒದ್ದರೆ ನಾಳೆ ಎದ್ದು ನಡೆಯುವುದೇ ಕಷ್ಟ. ಕೊನೆಯವರೆಗೆ ಉಳಿಯುವುದು ಎರಡು. ಎದುರಾಳಿ ಎಷ್ಟು ದೂರದಲ್ಲಿದ್ದಾನೆ ಎಂಬ ಅಂದಾಜು, ಯಾವ ಗಳಿಗೆಯಲ್ಲಿ ಕೈ ಬಿಡಬೇಕು ಎಂಬ ತಾಳ. ಈ ಎರಡನ್ನೇ ಬಂಡವಾಳ ಮಾಡಿಕೊಂಡ ಹಿರಿಯ ನಟ ನನಗೆ ಯಾವತ್ತೂ ಪ್ರಿಯ. ಡ್ಯುರಾಂಡ್‌ನನ್ನು ಕುರುಡನನ್ನಾಗಿ ಮಾಡಿದ್ದು ಆ ದೃಷ್ಟಿಯಿಂದ ಬಹಳ ಜಾಣತನ. ಕಣ್ಣಿಲ್ಲದವನು ಓಡಾಡಬೇಕಿಲ್ಲ. ನಿಂತಲ್ಲೇ ನಿಲ್ಲುತ್ತಾನೆ, ತಲೆ ತುಸು ವಾಲಿಸಿ ಕಿವಿಗೊಡುತ್ತಾನೆ, ಬಂದದ್ದನ್ನು ಅಡ್ಡಗೈಯಲ್ಲಿ ತಡೆದು ಒಂದೇ ಏಟು ಕೊಡುತ್ತಾನೆ. ನಟನ ಮೈಯ ಮಿತಿಯನ್ನು ಪಾತ್ರದ ಗುಣ ಮಾಡಿಬಿಟ್ಟರು.

ಮೈಕ್ ಟೈಸನ್ ಎದುರಿನ ತುಣುಕನ್ನು ಮತ್ತೊಮ್ಮೆ ನೋಡಿ. ಟೈಸನ್ 1986ರಲ್ಲಿ ಇಪ್ಪತ್ತನೇ ವಯಸ್ಸಿಗೇ ಹೆವಿವೇಟ್ ವಿಶ್ವ ಚಾಂಪಿಯನ್ ಆದವನು. ಆ ಭುಜ, ತಲೆಯನ್ನು ಆಚೀಚೆ ಜಾರಿಸುವ ರೀತಿ, ಗಲ್ಲ ತಗ್ಗಿಸಿ ಒಳನುಗ್ಗುವುದು, ಇವನ್ನು ಯಾವ ಫೈಟ್ ಮಾಸ್ಟರೂ ಒಂದು ವಾರದಲ್ಲಿ ಕಲಿಸಲಾರ. ಐವತ್ತು ದಾಟಿದ ಇಬ್ಬರು, ಒಬ್ಬ ಕೈಯವನು, ಒಬ್ಬ ಕಾಲಿನವನು. ಇಬ್ಬರ ಮೈಯಲ್ಲೂ ನಲವತ್ತು ವರ್ಷದ ಅಭ್ಯಾಸ ಇದೆ, ಅದು ಭಂಗಿಯಲ್ಲೇ ಕಾಣುತ್ತದೆ.

ಯಕ್ಷಗಾನದ ಹಿರಿಯ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನಾನು ಅವರ ಇಳಿವಯಸ್ಸಿನಲ್ಲಿ ನೋಡಿದೆ. 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡರು, ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದವರು. ಆ ರಾತ್ರಿ ನನ್ನ ಪಕ್ಕ ಕೂತಿದ್ದ ಅಜ್ಜ ಒಬ್ಬರು, ‘ಮೊದಲಿನಷ್ಟು ಕುಣಿತ ಇಲ್ಲ ಮಾರಾಯ’ ಅಂದರು, ಹಾಗೆಂದವರೇ ಬೆಳಗಿನ ತನಕ ಎದ್ದು ಹೋಗಲಿಲ್ಲ. ಚಿಟ್ಟಾಣಿಯವರು ಒಂದು ಹುಬ್ಬು ಎತ್ತಿದರೆ, ಸೈರಂಧ್ರಿಯತ್ತ ಅರ್ಧ ತಿರುಗಿ ನಿಂತರೆ, ಮದ್ದಳೆ ಚಂಡೆ ಎರಡೂ ಆ ನಿಲುವಿಗೆ ಕಾಯುತ್ತಿದ್ದವು. ಭಾಗವತರು ಅವರ ಉಸಿರು ನೋಡಿ ಪದದ ಕಾಲ ಹಿಡಿಯುತ್ತಿದ್ದರು. ಎದುರು ವೇಷದವರು ತಮ್ಮ ಕುಣಿತದಿಂದ ರಂಗ ತುಂಬುತ್ತಿದ್ದರು. ಹಿರಿಯ ಕಲಾವಿದನ ಆಟ ಎಂದರೆ ಸುತ್ತ ಇರುವವರೆಲ್ಲ ಸೇರಿ ಕಟ್ಟುವ ಆಟ.

ಸಿನಿಮಾದಲ್ಲಿ ಆ ಹಿಮ್ಮೇಳದ ಕೆಲಸ ಫೈಟರ್‌ಗಳದ್ದು. ಹೊರಗಿನವರಿಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ಪರದೆಯ ಮೇಲೆ ಏಟು ಹುಟ್ಟುವುದು ಬೀಳುವವನ ಮೈಯಲ್ಲಿ. ನಾಯಕನ ಮುಷ್ಟಿ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ ಹಾದುಹೋಗುತ್ತದೆ. ಕ್ಯಾಮೆರಾ ಅವನ ಭುಜದ ಹಿಂದಿನಿಂದ ನೋಡುವಾಗ ಆ ಗೇಣು ಕಾಣುವುದಿಲ್ಲ, ಮುಷ್ಟಿಯೂ ಮುಖವೂ ಒಂದೇ ಗೆರೆಗೆ ಬಂದುಬಿಡುತ್ತವೆ. ಆ ಗಳಿಗೆಯಲ್ಲಿ ನನ್ನ ಕುತ್ತಿಗೆ ತಿರುಗಬೇಕು, ಆಮೇಲೆ ಭುಜ, ಆಮೇಲೆ ಸೊಂಟ, ಕೊನೆಗೆ ಪಾದ ನೆಲ ಬಿಡಬೇಕು. ಕುತ್ತಿಗೆಗಿಂತ ಮೊದಲು ಪಾದ ಎದ್ದರೆ ಪ್ರೇಕ್ಷಕ ನಗುತ್ತಾನೆ. ರಿಯಾಕ್ಷನ್ ಅರೆಕ್ಷಣ ತಡವಾದರೆ ಎಂಥ ವೀರನ ಏಟೂ ಸತ್ತುಹೋಗುತ್ತದೆ.

ಒಮ್ಮೆ ಒಬ್ಬ ಹಿರಿಯ ನಾಯಕರ ಚಿತ್ರದಲ್ಲಿ ನಾವು ಆರು ಜನ ಫೈಟರ್‌ಗಳು. ಅವರ ಮಂಡಿ ಸವೆದಿತ್ತು, ಓಡುವುದು ಸಾಧ್ಯವಿರಲಿಲ್ಲ. ನಮ್ಮ ಮಾಸ್ಟರ್ ಅವರನ್ನು ಕಣದ ಮೇಟಿಕಂಬದ ಹಾಗೆ ನಡುವೆ ನಿಲ್ಲಿಸಿ, ನಮ್ಮನ್ನು ಸುತ್ತ ತಿರುಗಿಸಿದರು. ಅವರು ತಿರುಗುವುದು ಕಾಲು ಸುತ್ತು, ನಾವು ಓಡುವುದು ಪೂರ್ತಿ ಸುತ್ತು. ಪರದೆಯಲ್ಲಿ ನೋಡಿದರೆ ಅವರೇ ಬಿರುಗಾಳಿ. ಅವತ್ತು ಸಂಜೆ ಆ ಹಿರಿಯರು ನಮ್ಮ ಆರು ಜನರ ಹೆಸರನ್ನೂ ಕೇಳಿ ತಿಳಿದುಕೊಂಡರು, ಮಾರನೇ ದಿನ ಹೆಸರು ಹಿಡಿದೇ ಕರೆದರು. ಅದನ್ನು ನಾನು ಮರೆತಿಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ನಿಮ್ಮ ಮಗ ಡಬ್ಬಾ ಅಂದದ್ದು ಈ ಕಾರಣಕ್ಕೆ, ನನ್ನ ಮುಖ್ಯ ಮಾತೂ ಇಲ್ಲೇ ಇದೆ.

ಸಿನಿಮಾದಲ್ಲಿ ದುಡ್ಡು ಅಂದರೆ ದಿನಗಳು. ದೊಡ್ಡ ಚಿತ್ರಕ್ಕೆ ಒಂದು ಹೊಡೆದಾಟಕ್ಕೆ ವಾರಗಟ್ಟಲೆ ಸಮಯ ಸಿಗುತ್ತದೆ. ಸಣ್ಣ ಚಿತ್ರಕ್ಕೆ ಎರಡು ದಿನ, ಹೆಚ್ಚೆಂದರೆ ಮೂರು. ಪ್ರತಿ ಸಲ ಕ್ಯಾಮೆರಾ ಜಾಗ ಬದಲಿಸಿದಾಗಲೂ ಲೈಟು ಬದಲಿಸಬೇಕು, ಅದಕ್ಕೆ ಮುಕ್ಕಾಲು ಗಂಟೆ ಹೋಯಿತು. ಎರಡು ದಿನದಲ್ಲಿ ಎಷ್ಟು ಸಲ ಬದಲಿಸಬಹುದು? ಆದ್ದರಿಂದ ಸಣ್ಣ ಚಿತ್ರದ ನಿರ್ದೇಶಕನ ಮುಂದೆ ಎರಡೇ ದಾರಿ. ಹೊಡೆದಾಡಲು ಬರದ ನಟರಿದ್ದರೆ ಕ್ಯಾಮೆರಾ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಆಮೇಲೆ ಎಡಿಟಿಂಗ್ ಮೇಜಿನಲ್ಲಿ ಚೂರುಚೂರು ಮಾಡಿ ಜೋಡಿಸಬೇಕು. ಅಂಥವು ಬಹಳ ಇವೆ, ನೋಡಿದರೆ ತಲೆನೋವು ಬರುತ್ತದೆ. ನಿಜವಾಗಿ ಹೊಡೆದಾಡಬಲ್ಲವರಿದ್ದರೆ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ, ತಲೆಯಿಂದ ಪಾದದವರೆಗೆ ಫ್ರೇಮಿನಲ್ಲಿಟ್ಟು, ಎಂಟು ಹತ್ತು ಪಟ್ಟುಗಳನ್ನು ಒಂದೇ ಉಸಿರಿನಲ್ಲಿ ತೆಗೆಯಬಹುದು. ಅದು ಅಗ್ಗವೂ ಹೌದು, ಚೆಂದವೂ ಹೌದು. ರೋಪ್ ಕಟ್ಟಿ ಹಾರಿಸಲು ದುಡ್ಡಿಲ್ಲ, ಕಂಪ್ಯೂಟರಿನಲ್ಲಿ ಕಟ್ಟಡ ಬೀಳಿಸಲು ದುಡ್ಡಿಲ್ಲ. ಉಳಿದದ್ದು ಎರಡು ಮೈ, ಒಂದು ನೆಲ. ಮುಚ್ಚಿಡಲು ದುಡ್ಡಿಲ್ಲದ ಕಡೆ ಮೈ ಕಾಣುತ್ತದೆ. ನೀವು ಕಣ್ಣು ಕೀಳದೆ ನೋಡಿದ್ದು ಅದನ್ನೇ ಎಂದು ನನ್ನ ನಂಬಿಕೆ.

ಈ ಚಿತ್ರದ ನಾಯಕ ಅಲೆನ್ ಮೂಸಿ ಕೆನಡಾದ ಸಾಹಸ ಕಲಾವಿದ. ಬೇರೆಯವರ ಬದಲು ಬೀಳುತ್ತಿದ್ದವನು, ನಮ್ಮ ಜಾತಿಯವನು. ಅವನಿಗೆ ಡೂಪ್ ಹುಡುಕಬೇಕಿಲ್ಲವಾದ್ದರಿಂದ ಕ್ಯಾಮೆರಾ ಮುಖ ತಪ್ಪಿಸುವುದಿಲ್ಲ. ಎದುರಾಳಿ ಮೊಂಗ್ಕುಟ್ ಆಗಿರುವ ಹಾಫ್‌ಥೋರ್ ಬ್ಯೋರ್ನ್‌ಸನ್ ಐಸ್‌ಲ್ಯಾಂಡಿನವನು, ಆರೂಮುಕ್ಕಾಲು ಅಡಿ ಎತ್ತರ, ಅದೇ 2018ರಲ್ಲಿ ಜಗತ್ತಿನ ಅತಿ ಬಲಶಾಲಿ ಸ್ಪರ್ಧೆ ಗೆದ್ದವನು, 2020ರಲ್ಲಿ 501 ಕಿಲೋ ಭಾರವನ್ನು ನೆಲದಿಂದ ಎತ್ತಿದವನು. ಅಂಥವನು ಮೂಸಿಯಷ್ಟು ಚುರುಕಾಗಿ ಒದೆಯಲಾರ. ಹಾಗಾಗಿ ಕೊನೆಯ ಹೊಡೆದಾಟವನ್ನು ವೇಗದ ಮೇಲೆ ಕಟ್ಟದೆ ತೂಕದ ಮೇಲೆ ಕಟ್ಟಿದ್ದಾರೆ. ಎತ್ತುವುದು, ಎಸೆಯುವುದು, ಬಿದ್ದವನು ಏಳಲು ಪಡುವ ಕಷ್ಟ. ಮಾರಿಜಾತ್ರೆಯ ಕುಸ್ತಿಯಲ್ಲಿ ತೆಳ್ಳನೆ ಪೈಲ್ವಾನ ಭಾರೀ ಪೈಲ್ವಾನನ ಕಾಲಿಗೆ ಕೈ ಹಾಕುವುದನ್ನು ಕಾಯುತ್ತ ಕೂರುತ್ತೇವಲ್ಲ, ಅದೇ ತರಹದ ಕಾಯುವಿಕೆ. ಅದು ನನಗೂ ತುಸು ಉದ್ದವೆನಿಸಿತು. ಐದು ನಿಮಿಷ ಕತ್ತರಿಸಿದ್ದರೆ ಬಿಗಿ ಬರುತ್ತಿತ್ತು.

ವ್ಯಾನ್ ಡ್ಯಾಮ್, ಟೈಸನ್, ಕ್ರಿಸ್ಟೋಫರ್ ಲ್ಯಾಂಬರ್ಟ್ ಇಷ್ಟು ದೊಡ್ಡ ಹೆಸರುಗಳು ಸಣ್ಣ ಚಿತ್ರದಲ್ಲಿ ಹೇಗೆ ಎಂದು ನಿಮಗೆ ಅನಿಸಿರಬಹುದು. ಈ ವ್ಯಾಪಾರದಲ್ಲಿ ಚಿತ್ರ ಶುರುವಾಗುವ ಮೊದಲೇ ಒಂದೊಂದು ದೇಶದ ಹಕ್ಕನ್ನು ಮಾರುತ್ತಾರೆ, ಆ ಮುಂಗಡದಲ್ಲೇ ಚಿತ್ರ ತಯಾರಾಗುತ್ತದೆ. ಪೋಸ್ಟರಿನ ಮೇಲಿನ ಹಳೆಯ ಹೆಸರು ಮುಂಗಡ ತರುತ್ತದೆ. ಹಿರಿಯ ನಟ ಕೆಲವೇ ದಿನ ಬಂದು ತನ್ನ ಭಾಗ ಮುಗಿಸಿ ಹೋಗುತ್ತಾನೆ. ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ, ಅಡಿಕೆ ಕೊನೆ ಇಳಿಸುವ ಮೊದಲೇ ಫಸಲು ಗುತ್ತಿಗೆ ಕೊಟ್ಟ ಹಾಗೆ. ಮೊದಲು ಈ ಮಾರುಕಟ್ಟೆ ವಿಡಿಯೋ ಕ್ಯಾಸೆಟ್ಟಿನದು, ಆಮೇಲೆ ಡಿವಿಡಿಯದು, ಈಗ ಫೋನಿನದು. ಶೂಟಿಂಗಿಗೆ ಬಲ್ಗೇರಿಯಾದ ಸೋಫಿಯಾ, ಥಾಯ್ಲೆಂಡಿನ ಬ್ಯಾಂಕಾಕ್ ಇಂಥ ಕಡೆಗೆ ಹೋಗುವುದು ಖರ್ಚು ಕಡಿಮೆ, ನುರಿತ ಸಾಹಸ ತಂಡಗಳು ಅಲ್ಲೇ ಸಿಗುತ್ತವೆ ಎಂದು. ಹೊಡೆದಾಟದ ಚಿತ್ರಕ್ಕೆ ಬಡತನ ಹೊಸದೇನಲ್ಲ. ಬ್ರೂಸ್ ಲೀಯನ್ನು ಏಷ್ಯಾದ ಮನೆಮಾತು ಮಾಡಿದ 1971ರ ‘ದಿ ಬಿಗ್ ಬಾಸ್’ ತಯಾರಾದದ್ದು ಸುಮಾರು 1 ಲಕ್ಷ ಡಾಲರಿನಲ್ಲಿ, ಥಾಯ್ಲೆಂಡಿನ ಒಂದು ಸಣ್ಣ ಊರಿನಲ್ಲಿ.

ಎಲ್ಲ ಹಿರಿಯ ನಟರ ಸಣ್ಣ ಚಿತ್ರವೂ ಹೀಗೆ ಎಂದು ನಾನು ಹೇಳಲಾರೆ. ಹೆಸರನ್ನು ಮಾತ್ರ ಮಾರಿ, ಕುರ್ಚಿಯಲ್ಲಿ ಕೂತು ಎರಡು ಸಂಭಾಷಣೆ ಹೇಳಿ ಹೋದ ಚಿತ್ರಗಳೂ ಬಂದಿವೆ. ಅವನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ, ಅಭಿಮಾನಿಯ ಪ್ರೀತಿಗೆ ಮಾಡಿದ ಮೋಸ ಅದು. ವ್ಯತ್ಯಾಸ ಕಂಡುಹಿಡಿಯಲು ಮಗನ ಜೊತೆ ಕೂತು ಒಂದು ದೃಶ್ಯವನ್ನು ಸದ್ದು ಆರಿಸಿ ನೋಡಿ. ‘ಡಿಶುಂ’ ಸದ್ದು ಬಹಳ ತಪ್ಪುಗಳನ್ನು ಮುಚ್ಚುತ್ತದೆ, ಸದ್ದಿಲ್ಲದಾಗ ಮೈ ಮಾತ್ರ ಉಳಿಯುತ್ತದೆ. ಪಾದ ಕಾಣುತ್ತದೆಯೇ ನೋಡಿ. ಏಟಿನ ಶಕ್ತಿ ಬರುವುದು ನೆಲದಿಂದ, ಪಾದ ತೋರಿಸಲು ಹೆದರುವ ಚಿತ್ರ ಏನನ್ನೋ ಬಚ್ಚಿಡುತ್ತಿದೆ. ಕಟ್‌ನಿಂದ ಕಟ್‌ಗೆ ಎಷ್ಟು ಏಟು ಎಣಿಸಿ. ಒಂದೇ ಏಟಿಗೆ ಮೂರು ಕಟ್ ಇದ್ದರೆ ಬಿಟ್ಟುಬಿಡಿ, ಒಂದೇ ಶಾಟ್‌ನಲ್ಲಿ ಐದಾರು ಏಟು ಇದ್ದರೆ ಆ ನಟರು ಬೆವರು ಸುರಿಸಿದ್ದಾರೆ. ಡೂಪ್ ಬೇಕಿದ್ದರೆ ಮುಖ ಎಲ್ಲಿ ಮರೆಯಾಗುತ್ತದೆ ಎಂದು ಹುಡುಕಿ: ಬೆನ್ನು ತಿರುಗಿದ ಗಳಿಗೆ, ಟೋಪಿ, ಕತ್ತಲು. 2016ರ ಮೊದಲ ಭಾಗದಲ್ಲಿ ಡ್ಯುರಾಂಡ್‌ಗೆ ಟೋಪಿ, ಕಪ್ಪು ಕನ್ನಡಕ ಹಾಕಿದ್ದರಿಂದ ಅಂಥ ಅನುಕೂಲ ಹೆಚ್ಚು. ಇನ್ನೊಂದು, ಚಲನೆ ತೀರ ಚುರುಕಾಗಿ, ಕೈಗೊಂಬೆಯ ಹಾಗೆ ಕಂಡರೆ, ಸೆಕೆಂಡಿಗೆ 24ರ ಬದಲು 22 ಅಥವಾ 21 ಫ್ರೇಮ್‌ನಲ್ಲಿ ತೆಗೆದಿರಬಹುದು, ಪರದೆಯಲ್ಲಿ 24ರಂತೆ ಓಡಿಸಿದಾಗ ವೇಗ ಹೆಚ್ಚುತ್ತದೆ. ಅದನ್ನು ತಪ್ಪು ಅನ್ನಬೇಡಿ. ಹಾಂಗ್‌ಕಾಂಗಿನ ದೊಡ್ಡ ದೊಡ್ಡವರೂ ಮಾಡಿದ್ದಾರೆ.

ಚಿತ್ರದ ಕುಂದುಗಳು ನನಗೂ ಕಾಣುತ್ತವೆ. ಕತೆ ತೆಳು, ಮಾತು ಚಪ್ಪೆ. ನಾಯಕಿಗೆ ಅಪಹರಣಕ್ಕೊಳಗಾಗುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಥಾಯ್ಲೆಂಡ್ ಅಂದರೆ ಜೈಲು, ಜೂಜು, ರಕ್ತ ಎಂಬ ಹಾಗೆ ತೋರಿಸಿದ್ದು ನನಗೆ ಸರಿ ಬರಲಿಲ್ಲ. ಅಲ್ಲಿನ ಕಾಳಗ ಕಲೆ ಮುಯ್ ಥಾಯ್‌ನಲ್ಲಿ ಪಂದ್ಯದ ಮೊದಲು ಗುರುವಿಗೆ ವಂದಿಸಿ ಕುಣಿಯುವ ಸಂಪ್ರದಾಯವೇ ಇದೆ, ಅಂಥ ಶ್ರೀಮಂತಿಕೆ ಇಂಥ ಚಿತ್ರಗಳಲ್ಲಿ ಅಲಂಕಾರಕ್ಕಷ್ಟೇ ಬಂದು ಹೋಗುತ್ತದೆ.

ಕೆಟ್ಟ ಅಭಿರುಚಿಯೇ ಎಂದು ಕೇಳಿದ್ದೀರಿ. ಆ ಮಾತು ನನಗೆ ನೋವು ಕೊಟ್ಟಿತು, ಯಾಕೆಂದರೆ ನಾನೂ ಒಂದು ಕಾಲದಲ್ಲಿ ಹಾಗೇ ಅಂಜುತ್ತಿದ್ದೆ. ಹೆಗ್ಗೋಡಿನ ನೀನಾಸಂ ನಮ್ಮ ಜಿಲ್ಲೆಯ ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು, ರಸಗ್ರಹಣ ಶಿಬಿರಗಳನ್ನು ನಡೆಸಿತು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾನು ಅಲ್ಲಿ ಚಿತ್ರ ನೋಡಿ ಬಂದ ವಾರವೇ ಶಿವಮೊಗ್ಗದ ವಿಡಿಯೋ ಪಾರ್ಲರಿನಲ್ಲಿ ಕರಾಟೆ ಚಿತ್ರ ನೋಡುತ್ತಿದ್ದೆ, ಒಂದರ ವಿಷಯ ಇನ್ನೊಂದು ಕಡೆ ಬಾಯಿಬಿಡುತ್ತಿರಲಿಲ್ಲ. ಈಗ ತಿಳಿಯುತ್ತದೆ, ನಾನು ಎರಡೂ ಕಡೆ ಒಂದೇ ಕೆಲಸ ಮಾಡುತ್ತಿದ್ದೆ. ಹೆಗ್ಗೋಡಿನಲ್ಲಿ ಶಾಟ್ ನೋಡುವುದನ್ನು ಕಲಿತೆ, ಪಾರ್ಲರಿನಲ್ಲಿ ಆ ಕಣ್ಣಿಟ್ಟುಕೊಂಡು ಒದೆ ನೋಡಿದೆ. ಯಾರು ಎಷ್ಟು ಹೊತ್ತು ಫ್ರೇಮಿನಲ್ಲಿದ್ದಾರೆ, ಯಾಕೆ ಕ್ಯಾಮೆರಾ ಈಗ ಹತ್ತಿರ ಹೋಯಿತು ಎಂಬ ಪ್ರಶ್ನೆ ಎರಡೂ ಕಡೆಗೂ ಸಲ್ಲುತ್ತದೆ. ಕುಸ್ತಿ ಕಣದ ಸುತ್ತ ಕೂತವರಲ್ಲಿ ಅಕ್ಷರ ಬಾರದ ಅಜ್ಜನೂ ಪಟ್ಟು ತಪ್ಪಿದರೆ ಕೂಗಿ ಹೇಳುತ್ತಾನೆ. ನೀವು ಆ ಊರಿನ ಪ್ರೇಕ್ಷಕರು.

ಮುಂದೆ ನೋಡಲು ಕೆಲವು ಹೆಸರು ಕೊಡುತ್ತೇನೆ. 2008ರ ‘ಜೆಸಿವಿಡಿ’ (ವ್ಯಾನ್ ಡ್ಯಾಮ್‌ನ ಪೂರ್ತಿ ಹೆಸರಿನ ಮೊದಲಕ್ಷರಗಳು) ಹೊಡೆದಾಟದ ಚಿತ್ರ ಎನ್ನಲಾಗದು, ಆದರೂ ಅದನ್ನೇ ಮೊದಲು ನೋಡಿ. ಶುರುವಿನಲ್ಲೇ ಕಟ್ ಇಲ್ಲದ ಉದ್ದನೆಯ ಹೊಡೆದಾಟ, ಮುಗಿದ ಮೇಲೆ ವ್ಯಾನ್ ಡ್ಯಾಮ್ ಏದುಸಿರು ಬಿಡುತ್ತ ನಿರ್ದೇಶಕನಿಗೆ ಹೇಳುತ್ತಾನೆ, ನನಗೆ 47 ವಯಸ್ಸು, ಎಲ್ಲವನ್ನೂ ಒಂದೇ ಟೇಕ್‌ನಲ್ಲಿ ಮಾಡುವುದು ಕಷ್ಟ ಎಂದು. ನಿಮ್ಮದೇ ವಯಸ್ಸು. ಅದೇ ಚಿತ್ರದಲ್ಲಿ ಅವನು ಕ್ಯಾಮೆರಾ ನೋಡಿಕೊಂಡು ತನ್ನ ಬದುಕಿನ ಬಗ್ಗೆ ಹಲವು ನಿಮಿಷ ತಡೆಯಿಲ್ಲದೆ ಮಾತಾಡುವ ದೃಶ್ಯ ಬರುತ್ತದೆ, ಆಗ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಒಳ್ಳೆಯದು. 2009ರ ‘ಯೂನಿವರ್ಸಲ್ ಸೋಲ್ಜರ್: ರೀಜನರೇಷನ್’ ಬಲ್ಗೇರಿಯಾದಲ್ಲಿ ತೆಗೆದದ್ದು, ನಿರ್ದೇಶಕ ಜಾನ್ ಹೈಯಮ್ಸ್, ಛಾಯಾಗ್ರಹಣ ಅವನ ತಂದೆ ಪೀಟರ್ ಹೈಯಮ್ಸ್. ವ್ಯಾನ್ ಡ್ಯಾಮ್, ಡಾಲ್ಫ್ ಲುಂಡ್‌ಗ್ರೆನ್ ಗೋಡೆ ಒಡೆದುಕೊಂಡು ಸೆಣಸುವಾಗ ಮುಖದಲ್ಲಿ ದಣಿವು ಬಿಟ್ಟರೆ ಏನೂ ಇಲ್ಲ, ಆ ದಣಿವೇ ಪಾತ್ರ. ಮಗನಿಗೆ ವೇಗ ಬೇಕಿದ್ದರೆ 2010ರ ‘ಅನ್‌ಡಿಸ್ಪ್ಯೂಟೆಡ್ 3’ ತೋರಿಸಿ. ಸ್ಕಾಟ್ ಆಡ್ಕಿನ್ಸ್‌ನ ಒದೆಗಳನ್ನು ಐಸಾಕ್ ಫ್ಲೊರೆಂಟೈನ್ ತಲೆಯಿಂದ ಪಾದದವರೆಗೆ ತೋರಿಸುತ್ತಾನೆ, ಡಬ್ಬಾ ಎಂಬ ಮಾತು ನಿಮ್ಮ ಮಗನೇ ವಾಪಸ್ ತೆಗೆದುಕೊಳ್ಳುತ್ತಾನೆ.

ನಮ್ಮದೇ ‘ಒಂದಾನೊಂದು ಕಾಲದಲ್ಲಿ’ಯನ್ನು ಬಿಡಬೇಡಿ. 1978, ಗಿರೀಶ್ ಕಾರ್ನಾಡರ ನಿರ್ದೇಶನ, ಶಂಕರ್ ನಾಗ್ ಅವರ ಮೊದಲ ಚಿತ್ರ. ಕೂಲಿ ಯೋಧನಾಗಿ ಯುವ ಶಂಕರ್ ನಾಗ್, ಎದುರು ಪಾಳೆಯದ ಹಿರಿಯ ಯೋಧನಾಗಿ ಸುಂದರ್ ಕೃಷ್ಣ ಅರಸ್. ಕತ್ತಿ ಹಿಡಿದು ಮಣ್ಣಿನಲ್ಲಿ ಹೊರಳಾಡುವ ಆ ಕಾಳಗಗಳಲ್ಲಿ ಇಬ್ಬರಿಗೂ ಉಸಿರು ಕಟ್ಟುತ್ತದೆ, ಕಾಲು ಜಾರುತ್ತದೆ. ಹರೆಯದವನು ಮತ್ತು ಅನುಭವಿ ಒಬ್ಬರನ್ನೊಬ್ಬರು ಅಳೆಯುವುದನ್ನು ಅಷ್ಟು ಚೆನ್ನಾಗಿ ತೋರಿಸಿದ ಚಿತ್ರ ಕನ್ನಡದಲ್ಲಿ ನನಗೆ ಮತ್ತೊಂದು ಸಿಕ್ಕಿಲ್ಲ.

ಇನ್ನು ಆ ಅಡಿಕೆ ಮರ. ನಿಮ್ಮ ಮಗ ಈ ಚಿತ್ರಗಳನ್ನು ನೋಡಿ ತೋಟದಲ್ಲಿ ಒದೆಯಲು ಹೊರಟರೆ ಇದನ್ನು ಮುಂಚೆಯೇ ಹೇಳಿ. ಮೊಣಕಾಲಿನ ಕೆಳಗಿನ ಮೂಳೆ ಗಟ್ಟಿಯಾಗುವುದು ನಿಜ, ಭಾರ ಬಿದ್ದಲ್ಲಿ ಮೂಳೆ ನಿಧಾನವಾಗಿ ದಟ್ಟವಾಗುತ್ತದೆ. ಅದಕ್ಕೆ ತಿಂಗಳುಗಳಲ್ಲ, ವರ್ಷಗಳು ಬೇಕು, ಅದೂ ಚೀಲಕ್ಕೆ ಮತ್ತು ಪ್ಯಾಡಿಗೆ ಒದ್ದು. ಥಾಯ್ಲೆಂಡಿನ ಹಳೆಯ ಕಾಲದ ಪೈಲ್ವಾನರು ಮರಕ್ಕೆ ಒದೆಯುತ್ತಿದ್ದರು ಅನ್ನುವುದೂ ಸುಳ್ಳಲ್ಲ. ಒದೆಯುತ್ತಿದ್ದದ್ದು ಬಾಳೆ ಮರಕ್ಕೆ. ನೀರು ತುಂಬಿದ ಮೆತ್ತನೆಯ ದಿಂಡು, ಏಟನ್ನು ಒಳಗೆ ತೆಗೆದುಕೊಳ್ಳುತ್ತದೆ. ಅಡಿಕೆ ಮರ ಏಟನ್ನು ಹಾಗೇ ವಾಪಸ್ ಕೊಡುತ್ತದೆ, ನಿಮಗೆ ಗೊತ್ತೇ ಇದೆ. ಗೊನೆ ಕಡಿದ ಬಾಳೆ ಹೇಗೂ ತೋಟದಲ್ಲಿ ಇರುತ್ತದೆ. ಮೊದಲ ತಿಂಗಳು ಬರಿಗಾಲಲ್ಲಿ ಅದಕ್ಕೂ ಬೇಡ, ನಿಂತ ಕಾಲಿನ ಹಿಮ್ಮಡಿ ತಿರುಗಿಸುವುದನ್ನು ಗಾಳಿಯಲ್ಲೇ ರೂಢಿಸಿಕೊಳ್ಳಲಿ. ಆ ಹಿಮ್ಮಡಿ ತಿರುಗದೆ ಒದ್ದರೆ ಸೊಂಟದ ತಿರುಚೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ವ್ಯಾನ್ ಡ್ಯಾಮ್‌ನ ಹಳೆಯ ಚಿತ್ರ ಹಾಕಿ, ಅವನ ಮೇಲೆದ್ದ ಕಾಲನ್ನು ಬಿಟ್ಟು, ನೆಲದ ಮೇಲಿನ ಕಾಲನ್ನೇ ನೋಡಲು ಹೇಳಿ.